ಹಿತವಾಗಿ ಕೂರುವ ಚರ್ಮದ ಹೋಲ್‌ಸ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಪರವಾನಗಿ ಪಡೆದ ರಿವಾಲ್ವರ್ ಅಥವಾ ಪಿಸ್ತೂಲಿಗೆ ಕೈಯಾರೆ ಚರ್ಮದ ಹೋಲ್‌ಸ್ಟರ್ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬೇರೆಯವರಿಂದ ಮಾಡಿಸಿಕೊಳ್ಳುವವರಿಗೂ ಏನೇನು ಹೇಳಿ ಮಾಡಿಸಬೇಕು ಎಂಬುದು ಇದರಿಂದ ತಿಳಿಯುತ್ತದೆ. ಉದಾಹರಣೆಗೆಂದು ಹೆಚ್ಚಾಗಿ ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರನ್ನು ತೆಗೆದುಕೊಂಡಿದ್ದೇನೆ; ನಮ್ಮಲ್ಲಿ ಪರವಾನಗಿದಾರರ ಬಳಿ ಸಾಮಾನ್ಯವಾಗಿ ಕಾಣುವ ಕೈಬಂದೂಕುಗಳಲ್ಲಿ ಅದೂ ಒಂದು.

ಮೆತ್ತನೆಯ ಚರ್ಮದಲ್ಲಿ ಮಾಡಿದರೆ ಹೋಲ್‌ಸ್ಟರ್ ಹೆಚ್ಚು ಹಿತವಾಗಿರುವುದಿಲ್ಲವೇ?

ಇಲ್ಲ. ಕೈಗೆ ಮೆತ್ತಗೆ ಸಿಗುವ ಚರ್ಮ ಸೊಂಟಕ್ಕೆ ಏರಿದ ಮೇಲೆ ಜೋತುಬೀಳುತ್ತದೆ. ಕಾನ್ಪುರದ .32 ರಿವಾಲ್ವರಿನ ತೂಕ ಸುಮಾರು 700 ಗ್ರಾಂ. ಅದರಲ್ಲಿ ಬಹುಪಾಲು ಗುಂಡು ತುಂಬುವ ಸಿಲಿಂಡರಿನ ಸುತ್ತಮುತ್ತಲೇ ಇರುವುದರಿಂದ, ಜೋತುಬಿದ್ದ ಚರ್ಮದಲ್ಲಿ ಆ ಉಬ್ಬು ನೇರವಾಗಿ ಸೊಂಟದ ಮೂಳೆಗೆ ಒತ್ತುತ್ತದೆ, ಹಿಡಿ ಹೊರಕ್ಕೆ ವಾಲಿ ಅಂಗಿಯನ್ನು ಎತ್ತಿ ತೋರಿಸುತ್ತದೆ, ನಡೆದಾಡುವಾಗ ಇಡೀ ವಸ್ತು ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ಗಟ್ಟಿಯಾದ ಚರ್ಮವನ್ನು ಆಯುಧದ ಆಕಾರಕ್ಕೆ ಸರಿಯಾಗಿ ಕೂರಿಸಿದರೆ ಅದೇ ತೂಕ ಅಂಗೈಯಷ್ಟು ಅಗಲಕ್ಕೆ ಹರಡಿಕೊಳ್ಳುತ್ತದೆ. ಬೆಳಿಗ್ಗೆ ಏರಿಸಿದ್ದು ಸಂಜೆಯವರೆಗೆ ಸರಿಯದೆ ನಿಂತರೆ ಅದನ್ನು ಹಿತವಾದ ಹೋಲ್‌ಸ್ಟರ್ ಎನ್ನಬಹುದು. ಮೈಗೆ ತಾಗುವ ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿದರೆ ಗಟ್ಟಿತನ ಬಾಧಿಸುವುದಿಲ್ಲ.

ಹೋಲ್‌ಸ್ಟರ್ ವಿಷಯ ಕೇಳಿದರೆ ಎಲ್ಲರೂ ಮೊದಲು ಬೆಲ್ಟ್ ತೋರಿಸಿ ಎನ್ನುತ್ತಾರೆ. ಏಕೆ?

ಹೋಲ್‌ಸ್ಟರಿನ ಭಾರವನ್ನು ಹೊರುವುದು ಬೆಲ್ಟ್ ಆದ್ದರಿಂದ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಫ್ಯಾನ್ಸಿ ಬೆಲ್ಟುಗಳ ನಡುವೆ ರಟ್ಟಿನಂಥ ಪದರವಿದ್ದು ಮೇಲೆ ತೆಳುವಾದ ಚರ್ಮದ ಹೊದಿಕೆ ಇರುತ್ತದೆ. ಕೆಲವೇ ದಿನಗಳಲ್ಲಿ ಅದು ಹೋಲ್‌ಸ್ಟರ್ ಇರುವ ಜಾಗದಲ್ಲಿ ಹೊರಕ್ಕೆ ತಿರುಚಿಕೊಳ್ಳುತ್ತದೆ. ಆಗ ಎಷ್ಟೇ ಚೆನ್ನಾಗಿ ಹೊಲಿದ ಹೋಲ್‌ಸ್ಟರ್ ಆದರೂ ವಾಲದೆ ವಿಧಿಯಿಲ್ಲ, ವಾಲಿದ್ದನ್ನು ಸರಿಪಡಿಸಲು ನೀವು ಬೆಲ್ಟನ್ನು ಇನ್ನೊಂದು ತೂತು ಬಿಗಿ ಮಾಡುತ್ತೀರಿ, ಊಟವಾದ ಮೇಲೆ ಹೊಟ್ಟೆ ಹಿಡಿದಂತಾಗುತ್ತದೆ. ಎರಡು ಪದರ ಸಸ್ಯಹದದ (ಸಸ್ಯಮೂಲದ ಒಗರಿನಿಂದ ಹದ ಮಾಡಿದ) ಚರ್ಮವನ್ನು ಅಂಟಿಸಿ, ಎರಡೂ ಅಂಚುಗಳಲ್ಲಿ ಹೊಲಿದ, ಒಟ್ಟು 4.5ರಿಂದ 5 ಮಿ.ಮೀ. ದಪ್ಪದ, 38 ಮಿ.ಮೀ. ಅಗಲದ ಬೆಲ್ಟ್ ಈ ಕೆಲಸಕ್ಕೆ ಸರಿ. ಪ್ಯಾಂಟಿನ ಬೆಲ್ಟ್ ಕುಣಿಕೆಗಳು ಅಷ್ಟು ಅಗಲವನ್ನು ತಡೆಯುತ್ತವೆಯೇ ಎಂದು ಮೊದಲು ಅಳೆಯಿರಿ. ಹೊಲಿಸಿದ ಪ್ಯಾಂಟಾದರೆ ಟೈಲರಿಗೆ ಹೇಳಿ ಕುಣಿಕೆಗಳನ್ನು ದೊಡ್ಡದು ಮಾಡಿಸುವುದು ಸುಲಭ. ಹಣ ಒಂದಕ್ಕೇ ಸಾಕಾಗುವಂತಿದ್ದರೆ ಈ ತಿಂಗಳು ಬೆಲ್ಟ್ ಮಾಡಿ, ಹೋಲ್‌ಸ್ಟರನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಯಾವ ಚರ್ಮವನ್ನು ಕೊಳ್ಳಬೇಕು?

ತೊಗಟೆ, ಕಾಯಿ ಮೊದಲಾದ ಸಸ್ಯಮೂಲದ ಒಗರಿನಿಂದ ಹದ ಮಾಡಿದ ಚರ್ಮವನ್ನೇ ಕೊಳ್ಳಬೇಕು. ಅದನ್ನು ನೀರಿನಲ್ಲಿ ನೆನೆಸಿ ಒತ್ತಿದರೆ ಒತ್ತಿದ ಆಕಾರವನ್ನು ಹಿಡಿದು, ಒಣಗಿದ ಮೇಲೂ ಆ ಆಕಾರವನ್ನು ಬಿಡುವುದಿಲ್ಲ. ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ ಜಾಕೆಟ್ಟಿಗೂ ಕೈಚೀಲಕ್ಕೂ ಒಳ್ಳೆಯದು, ಇಲ್ಲಿ ಕೆಲಸಕ್ಕೆ ಬಾರದು: ನೆನೆಸಿ ಎಷ್ಟು ಒತ್ತಿದರೂ ಒಣಗಿದ ಮೇಲೆ ಮೊದಲಿನ ಮೆತ್ತನೆಯ ಸ್ಥಿತಿಗೇ ಮರಳುತ್ತದೆ, ಜೊತೆಗೆ ಅದರಲ್ಲಿ ಉಳಿದಿರಬಹುದಾದ ಲವಣ ತೇವದಲ್ಲಿ ಉಕ್ಕಿನ ಮೇಲೆ ಕಲೆ ಮಾಡುತ್ತದೆ. ಅಂಗಡಿಯವರು ಹೇಳಿದ್ದನ್ನು ನಂಬುವ ಬದಲು ಕತ್ತರಿಸಿದ ಅಂಚನ್ನು ನೋಡಿ. ಬಣ್ಣ ಹಾಕದ ಸಸ್ಯಹದದ ಚರ್ಮದ ಅಂಚು ತಿಳಿಗಂದು ಅಥವಾ ಕೆನೆಬಣ್ಣದ್ದಾಗಿರುತ್ತದೆ, ಕ್ರೋಮ್ ಹದದ್ದರಲ್ಲಿ ಬೂದು ನೀಲಿ ಛಾಯೆ ಕಾಣುತ್ತದೆ. ಒಂದು ಹನಿ ನೀರು ಬಿಟ್ಟರೆ ಮೊದಲನೆಯದು ಕೂಡಲೇ ಕಪ್ಪಾಗಿ ಹೀರಿಕೊಳ್ಳುತ್ತದೆ.

ದಕ್ಷಿಣ ಭಾರತದಲ್ಲಿ ಸಸ್ಯಹದದ ಪರಂಪರೆ ಹಳೆಯದು. ತಮಿಳುನಾಡಿನ ಈರೋಡ್, ದಿಂಡಿಗಲ್, ತಿರುಚ್ಚಿ ಕಡೆಯ ಹದಗಾರರು ಹಿಂದೆ ತಂಗಡಿ ಗಿಡದ ತೊಗಟೆಯಿಂದ ಹದ ಮಾಡುತ್ತಿದ್ದರು; ಈಗ ಹೆಚ್ಚಾಗಿ ವ್ಯಾಟಲ್ ತೊಗಟೆಯ ಸಾರವನ್ನೂ ಅಳಲೆಕಾಯಿಯನ್ನೂ ಬಳಸುತ್ತಾರೆ. ವ್ಯಾಪಾರದಲ್ಲಿ ಅದಕ್ಕೆ ಇ.ಐ. (ಈಸ್ಟ್ ಇಂಡಿಯಾ) ಚರ್ಮ ಎಂಬ ಹೆಸರಿದೆ. ಅದರಲ್ಲಿ ತೆಳುವಾದ ಮಾಲೇ ಹೆಚ್ಚು. ಆದ್ದರಿಂದ ದಪ್ಪವನ್ನು ಹೇಳಿಯೇ ಕೇಳಬೇಕು. ದಪ್ಪನೆಯ ಎಮ್ಮೆ ಚರ್ಮಕ್ಕೆ ಜೀನು ಮತ್ತು ಲಗಾಮಿನ ಕೆಲಸಕ್ಕೆ ಹೆಸರಾದ ಕಾನ್ಪುರದ ಮಾಲು ಸಿಗುತ್ತದೆ. ಎಮ್ಮೆ ಚರ್ಮದ ನಾರು ಸ್ವಲ್ಪ ಸಡಿಲ, ಮೇಲ್ಮೈ ಒರಟು. ಬೆಲ್ಟಿಗೆ ಬಹಳ ಚೆನ್ನಾಗಿ ಬಾಳುತ್ತದೆ, ಆದರೆ ಟ್ರಿಗರ್ ಗಾರ್ಡಿನ (ಟ್ರಿಗರನ್ನು ಸುತ್ತುವರಿದ ಬಳೆಯ) ತಿರುವಿನಂಥ ಸೂಕ್ಷ್ಮ ರೇಖೆಗಳು ಅದರಲ್ಲಿ ಹಸುವಿನ ಚರ್ಮದಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ.

ಬೆಲ್ಟಿನ ಹೊರಗೆ ಧರಿಸುವ ಹೋಲ್‌ಸ್ಟರಿಗೆ 2.8ರಿಂದ 3.2 ಮಿ.ಮೀ., ಪ್ಯಾಂಟಿನ ಒಳಗೆ ಧರಿಸುವುದಕ್ಕೆ 2.4ರಿಂದ 2.8 ಮಿ.ಮೀ. ದಪ್ಪ ಸಾಕು. ಅಮೆರಿಕದ ನಮೂನೆಗಳಲ್ಲಿ ದಪ್ಪವನ್ನು ಔನ್ಸುಗಳಲ್ಲಿ ಬರೆದಿರುತ್ತಾರೆ. ಒಂದು ಔನ್ಸ್ ಎಂದರೆ ಇಂಚಿನ 64ನೇ ಒಂದು ಭಾಗ, ಅಂದರೆ ಸುಮಾರು 0.4 ಮಿ.ಮೀ. ಇಡೀ ತೊಗಲಿನಲ್ಲಿ ಬೆನ್ನಿನ ಮತ್ತು ಹೆಗಲಿನ ಭಾಗವನ್ನು ಆರಿಸಿಕೊಳ್ಳಿ. ಹೊಟ್ಟೆಯ ಭಾಗ ಅಗ್ಗಕ್ಕೆ ಸಿಗುತ್ತದೆ, ಆದರೆ ಹಿಗ್ಗುತ್ತಲೇ ಹೋಗುತ್ತದೆ.

ಅಥಣಿ, ನಿಪ್ಪಾಣಿ ಕಡೆಯ ಕೋಲ್ಹಾಪುರಿ ಚಪ್ಪಲಿಯ ಚರ್ಮ ಆಗುತ್ತದೆಯೇ?

ಅದೂ ಸಸ್ಯಹದದ್ದೇ, ಜಾಲಿ ತೊಗಟೆ ಮತ್ತು ಅಳಲೆಕಾಯಿಯಿಂದ ಹದವಾದದ್ದು. ಅಟ್ಟೆಗೆ ಬಳಸುವ ದಪ್ಪ ಚರ್ಮ ಬಾಗದಷ್ಟು ಬಿರುಸಾಗಿರುವುದರಿಂದ ಹೋಲ್‌ಸ್ಟರಿನ ಮೈಗೆ ಬೇಡ. ಬಾಯಿಯ ಸುತ್ತ ಬಲಕ್ಕಾಗಿ ಹೊಲಿಯುವ ಪಟ್ಟಿಗೆ, ಎರಡು ಹೋಳುಗಳ ನಡುವೆ ಇಡುವ ಬೆಣೆಗೆ ಅದಕ್ಕಿಂತ ಒಳ್ಳೆಯ ಮಾಲು ಸಿಗುವುದು ಕಷ್ಟ. ಆ ಕಡೆಯ ಕುಶಲಕರ್ಮಿಗಳ ಬಳಿ ತುಂಡುಗಳು ತೂಕದ ಲೆಕ್ಕದಲ್ಲಿ ಸಿಕ್ಕರೆ ಬಿಡಬೇಡಿ.

ಸೊಂಟದ ಯಾವ ಜಾಗದಲ್ಲಿ ಧರಿಸಿದರೆ ಒಳ್ಳೆಯದು?

ಸೊಂಟವನ್ನು ಗಡಿಯಾರದ ಮುಖವೆಂದು ಭಾವಿಸಿ ಹೊಕ್ಕುಳನ್ನು 12 ಗಂಟೆಯಲ್ಲಿ ಇಟ್ಟುಕೊಂಡರೆ, ಬಲಗೈಯವರಿಗೆ 3ರಿಂದ 4 ಗಂಟೆಯ ನಡುವಿನ ಜಾಗ ಬಹುತೇಕ ಎಲ್ಲರ ಮೈಕಟ್ಟಿಗೂ ಒಗ್ಗುತ್ತದೆ. ಅಲ್ಲಿ ಸೊಂಟದ ಮೂಳೆಯ ಹಿಂದೆ ಸಣ್ಣ ತಗ್ಗೊಂದಿದೆ. ನೇರ ನಿಂತು ಹೆಬ್ಬೆರಳನ್ನು ಬೆಲ್ಟಿನ ಮೇಲೆ ಹಿಂದಕ್ಕೆ ಸರಿಸುತ್ತಾ ಹೋಗಿ. ಮೂಳೆಯ ಏಣು ಮುಗಿದು ಬೆರಳು ಒಳಕ್ಕೆ ಇಳಿಯುವ ಆ ಸ್ಥಳವೇ ಸಿಲಿಂಡರಿನ ಉಬ್ಬು ಕೂರಬೇಕಾದ ಜಾಗ. ಇಬ್ಬರ ಮೈಯಲ್ಲಿ ಅದು ಒಂದೇ ಕಡೆ ಇರುವುದಿಲ್ಲ, ಹಾಗಾಗಿ ಬೇರೆಯವರ ಸೊಂಟದ ಮೇಲೆ ಚೆಂದ ಕಂಡದ್ದು ನಿಮಗೆ ಚುಚ್ಚಬಹುದು.

ಬೆನ್ನಿನ ನಡುವೆ, 6 ಗಂಟೆಯ ಜಾಗದಲ್ಲಿ ಧರಿಸುವುದನ್ನು ನಾನು ಒಪ್ಪುವುದಿಲ್ಲ. ಕೊಡಗಿನಲ್ಲಿ ಕುಪ್ಯಚೇಲೆ ಧರಿಸಿದವರು ಒಡಿಕತ್ತಿಯನ್ನು ಬೆನ್ನ ಹಿಂದಿನ ತೋಡಂಗಿನಲ್ಲಿ ಸಿಕ್ಕಿಸಿಕೊಳ್ಳುತ್ತಾರಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ಉಡುಗೆ ನಿಂತು, ನಡೆದು, ಕುಣಿಯುವ ಸಂದರ್ಭದ್ದು. ಕಾರಿನ ಸೀಟಿಗೆ ಒರಗಿ ಮಡಿಕೇರಿಯಿಂದ ಮೈಸೂರಿಗೆ ಹೋಗುವುದಕ್ಕೆಂದು ಅದನ್ನು ರೂಪಿಸಿದ್ದಲ್ಲ. ಬೆನ್ನುಮೂಳೆಯ ಮೇಲೆ ಉಕ್ಕಿನ ತುಂಡೊಂದಿದ್ದಾಗ ಜಾರಿ ಬಿದ್ದರೆ ಆಗುವ ಪೆಟ್ಟು ಹೋಲ್‌ಸ್ಟರಿನ ಹಿತದ ಪ್ರಶ್ನೆಯನ್ನು ಮೀರಿದ್ದು.

ಎಷ್ಟು ವಾಲಿರಬೇಕು, ಎಷ್ಟು ಎತ್ತರದಲ್ಲಿ ಕೂರಬೇಕು?

ಹಿಡಿ ಮುಂದಕ್ಕೆ ಬಾಗುವಂತೆ 10ರಿಂದ 15 ಡಿಗ್ರಿ ವಾಲಿಸಿದರೆ, 4 ಗಂಟೆಯ ಜಾಗದಲ್ಲಿ ಹಿಡಿಯ ತುದಿ ಅಂಗಿಯನ್ನು ಹಿಂದಕ್ಕೆ ಚುಚ್ಚದೆ ಪಕ್ಕೆಯ ಗುಂಟ ಅಡಗುತ್ತದೆ, ಕೂತಾಗ ನಳಿಗೆಯ ತುದಿ ಕುರ್ಚಿಗೆ ಒತ್ತುವುದಿಲ್ಲ. ಸರಿಯಾಗಿ 3 ಗಂಟೆಯಲ್ಲೇ ಧರಿಸುವವರಿಗೆ ಇನ್ನೂ ಕಡಿಮೆ ವಾಲು ಸಾಕು, ಮುಂಭಾಗದಲ್ಲಿ ಧರಿಸುವವರಿಗೆ ವಾಲೇ ಬೇಡ.

ಎತ್ತರದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಎತ್ತರಕ್ಕೆ ಕೂರಿಸಿದಷ್ಟೂ ಆಯುಧ ಅಂಗಿಯ ಅಡಿಯಲ್ಲಿ ಚೆನ್ನಾಗಿ ಮರೆಯಾಗುತ್ತದೆ ಎಂಬುದು ನಿಜ. ಆದರೆ ತೂಕದ ಕೇಂದ್ರ ಬೆಲ್ಟಿಗಿಂತ ಮೇಲೆ ಹೋದ ಕೂಡಲೇ ಹೋಲ್‌ಸ್ಟರ್ ಹೊರಕ್ಕೆ ಮಗುಚಲು ನೋಡುತ್ತದೆ, ಹಿಡಿ ಪಕ್ಕೆಲುಬಿಗೆ ತಾಗುತ್ತದೆ. ಚಿಕ್ಕ ನಳಿಗೆಯ ರಿವಾಲ್ವರಿನಲ್ಲಿ ಕೆಳಗೆ ಭಾರವೇ ಇಲ್ಲದ್ದರಿಂದ ಈ ತೊಂದರೆ ಜಾಸ್ತಿ. ಸಿಲಿಂಡರಿನ ಮಧ್ಯಭಾಗ ಬೆಲ್ಟಿನ ಮೇಲಂಚಿಗೆ ಸಮನಾಗಿ ಅಥವಾ ತುಸು ಕೆಳಗೆ ಬರುವಂತೆ ಬೆಲ್ಟ್ ಪೋಣಿಸುವ ಸೀಳುಗಳನ್ನು ಗುರುತಿಸಿ ನೋಡಿ. ಹಿಡಿ ಮತ್ತು ಬೆಲ್ಟಿನ ನಡುವೆ ಮೂರು ಬೆರಳು ಹಿಡಿಯುವಷ್ಟು ಜಾಗವೂ ಉಳಿಯಬೇಕು, ಇಲ್ಲವಾದರೆ ಹಿಡಿ ಪೂರ್ತಿ ಕೈಗೆ ಸಿಗುವುದಿಲ್ಲ. ಈ ಎರಡರ ನಡುವೆ ಹೊಂದಾಣಿಕೆ ಕಾಗದದ ಮೇಲೆ ಒಂದೇ ಸಲಕ್ಕೆ ಬರುವುದು ಅಪರೂಪ. ದಪ್ಪ ರಟ್ಟಿನಲ್ಲಿ ಕತ್ತರಿಸಿ, ಬೆಲ್ಟಿಗೆ ಪೋಣಿಸಿ, ಕೂತು ಎದ್ದು ನೋಡಿ, ಆಮೇಲೆ ಚರ್ಮಕ್ಕೆ ಕೈ ಹಾಕಿ.

ನಮೂನೆ ತೆಗೆಯುವುದು ಹೇಗೆ?

ಮೊದಲಿಗೆ ಎರಡು ಹೋಳುಗಳನ್ನು ಎರಡೂ ಅಂಚುಗಳಲ್ಲಿ ಸೇರಿಸಿ ಹೊಲಿಯುವ, ಅಮೆರಿಕದವರು ಪ್ಯಾನ್‌ಕೇಕ್ ಎಂದು ಕರೆಯುವ ಚಪ್ಪಟೆ ಮಾದರಿಯನ್ನು ಆರಿಸಿಕೊಳ್ಳುವುದು ಒಳಿತು. ಅದರಲ್ಲಿ ಬೆಲ್ಟಿನ ಸೀಳುಗಳು ಆಯುಧದ ಮುಂದೊಂದು ಹಿಂದೊಂದು ಬರುವುದರಿಂದ, ಬೆಲ್ಟ್ ಬಿಗಿದಾಗ ಆ ಸೀಳುಗಳಿರುವ ಎರಡೂ ಬದಿಯ ಕಿವಿಗಳು ಮೈಯ ದುಂಡಿಗೆ ಬಾಗಿ ಇಡೀ ಹೋಲ್‌ಸ್ಟರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಹಿತ ಮತ್ತು ಮರೆ ಎರಡೂ ಈ ಎಳೆತದಿಂದಲೇ ಸಿಗುತ್ತವೆ. ಸೀಳುಗಳು ಆಯುಧಕ್ಕೆ ತೀರಾ ಹತ್ತಿರವಾದರೆ ಎಳೆತ ಹುಟ್ಟುವುದಿಲ್ಲ.

ಆಯುಧ ಪೂರ್ತಿ ಖಾಲಿಯಾಗಿದೆ ಎಂದು ಸಿಲಿಂಡರನ್ನು ತೆರೆದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳಿ. ಗುಂಡುಗಳನ್ನು ಆ ಕೋಣೆಯಲ್ಲಿಯೇ ಇಟ್ಟುಕೊಳ್ಳಬೇಡಿ. ದಪ್ಪ ಕಾಗದದ ನಡುವೆ ಒಂದು ನೇರ ಗೆರೆ ಎಳೆದು, ಬೇಕಾದಷ್ಟು ವಾಲಿಸಿ ಆಯುಧವನ್ನು ಮಲಗಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆಯಿರಿ. ಪೆನ್ಸಿಲ್ ಒಳಕ್ಕೆ ವಾಲಿದರೆ ಹೊಲಿದ ಮೇಲೆ ಆಯುಧ ಒಳಗೆ ಹೋಗುವುದಿಲ್ಲ. ಮುಂದಿನದು ಹೊಲಿಗೆಯ ಗೆರೆ. ಆಯಾ ಜಾಗದಲ್ಲಿ ಆಯುಧದ ದಪ್ಪದ ಅರ್ಧದಷ್ಟು ಹೊರಗೆ, ಅದಕ್ಕೆ ಚರ್ಮದ ದಪ್ಪವನ್ನೂ ಸೇರಿಸಿ ಚುಕ್ಕಿ ಇಡುತ್ತಾ ಹೋಗುವುದು ಒಳ್ಳೆಯ ಆರಂಭ. ವರ್ನಿಯರ್ ಕ್ಯಾಲಿಪರಿನಲ್ಲಿ ಸಿಲಿಂಡರ್ 34 ಮಿ.ಮೀ. ಬಂದರೆ, 3 ಮಿ.ಮೀ. ಚರ್ಮಕ್ಕೆ ಅಲ್ಲಿ 20 ಮಿ.ಮೀ. ಬಿಡಬೇಕು, ನಳಿಗೆ 18 ಮಿ.ಮೀ. ಇದ್ದರೆ ಅಲ್ಲಿ 12 ಸಾಕು. ಚುಕ್ಕಿಗಳನ್ನು ಸೇರಿಸಿದರೆ ಸಿಲಿಂಡರಿನ ಬಳಿ ಹೊರಕ್ಕೆ ಉಬ್ಬಿ ನಳಿಗೆಯ ಬಳಿ ಒಳಕ್ಕೆ ಬರುವ ಗೆರೆ ಸಿಗುತ್ತದೆ. ನೆಂದ ಚರ್ಮ ಹಿಗ್ಗುವುದರಿಂದ ಈ ಅಳತೆ ಅಂತಿಮವಲ್ಲ. ಹೋಳುಗಳನ್ನು ಕತ್ತರಿಸಿದ ಮೇಲೆ ಹೊಲಿಗೆಯ ಗೆರೆಯ ಹೊರಗೆ ಕ್ಲಿಪ್ಪುಗಳನ್ನು ಹಾಕಿ ಆಯುಧವನ್ನು ತೂರಿಸಿ ನೋಡಿ. ಸಡಿಲವಾಗಿದ್ದರೆ ಗೆರೆಯನ್ನು 1 ಅಥವಾ 2 ಮಿ.ಮೀ. ಒಳಕ್ಕೆ ತನ್ನಿ.

ಮೈಗೆ ತಾಗುವ ಹೋಳನ್ನು ಹೊರಗಿನದಕ್ಕಿಂತ ಎತ್ತರವಾಗಿ, ಹ್ಯಾಮರಿನ (ಗುಂಡನ್ನು ಸಿಡಿಸುವ ಹಿಂಬದಿಯ ಸುತ್ತಿಗೆಯ) ಮೇಲಿನವರೆಗೆ ಬಿಡಿ. ಅದು ಮೈಗೂ ಉಕ್ಕಿಗೂ ನಡುವೆ ಗೋಡೆಯಾಗಿ ನಿಂತು, ಹ್ಯಾಮರಿನ ಮೊನೆ ಪಕ್ಕೆಗೆ ಗೀರದಂತೆಯೂ ಬೆವರು ಆಯುಧಕ್ಕೆ ಇಳಿಯದಂತೆಯೂ ತಡೆಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಓಡಾಡುವವರು ಇದನ್ನು ಬಿಡಲೇಬಾರದು. ಬೆಲ್ಟಿನ ಸೀಳು ಬೆಲ್ಟಿನ ಅಗಲಕ್ಕಿಂತ 2 ಮಿ.ಮೀ. ಮಾತ್ರ ಉದ್ದವಿರಲಿ. ಸುಲಭವಾಗಿ ಪೋಣಿಸಬಹುದೆಂದು ದೊಡ್ಡದು ಮಾಡಿದರೆ ಅಷ್ಟೂ ಓಲಾಟವಾಗಿ ತಿರುಗಿ ಬರುತ್ತದೆ.

ಟ್ರಿಗರನ್ನು ಎಷ್ಟು ಮುಚ್ಚಬೇಕು? ಬೆರಳಿಗೆ ಬೇಗ ಸಿಗಲೆಂದು ಸ್ವಲ್ಪ ತೆರೆದಿಟ್ಟರೆ ಆಗದೇ?

ಆಗದು. ಟ್ರಿಗರ್ ಗಾರ್ಡ್ ಎರಡೂ ಬದಿಯಿಂದ ಪೂರ್ತಿ ಮುಚ್ಚಿರಬೇಕು, ಮುಚ್ಚಿರುವ ಚರ್ಮ ಬೆರಳಿನಿಂದ ಒತ್ತಿದರೂ ಒಳಕ್ಕೆ ಮಡಿಯದಷ್ಟು ಗಟ್ಟಿಯಾಗಿರಬೇಕು. ಈ ಪುಟದಲ್ಲಿ ಹಿತಕ್ಕಾಗಿ ಸಡಿಲಿಸಬಾರದ ಅಂಶ ಇದೊಂದೇ.

ಮೇಲೆ ಪಟ್ಟಿ ಮತ್ತು ಟಿಚ್ ಬಟನ್ ಬೇಕೇ?

ಆಕಾರಕ್ಕೆ ಸರಿಯಾಗಿ ಕೂರಿಸಿದ ಚರ್ಮದ ಹಿಡಿತವೇ ಸಾಮಾನ್ಯ ನಡಿಗೆಗೆ ಸಾಕಾಗುತ್ತದೆ. ಖಾಲಿ ಆಯುಧವನ್ನು ಒಳಗಿಟ್ಟು, ಹಾಸಿಗೆಯ ಮೇಲೆ ಹೋಲ್‌ಸ್ಟರನ್ನು ತಲೆಕೆಳಗು ಮಾಡಿ ಮೆಲ್ಲನೆ ಅಲುಗಿಸಿದರೆ ಜಾರಿ ಬೀಳಬಾರದು. ತೋಟದಲ್ಲಿ ಕಾಲುವೆ ಹಾರುವವರು, ಏಣಿ ಹತ್ತುವವರು, ಬೈಕಿನಲ್ಲಿ ಓಡಾಡುವವರು ಪಟ್ಟಿ ಹಾಕಿಕೊಳ್ಳುವುದೇ ಸರಿ. ಕಾನ್ಪುರದ ರಿವಾಲ್ವರ್ ವೆಬ್ಲಿ ಮಾದರಿಯದು: ಎಡಬದಿಯ ಕೀಲನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಮತ್ತು ಸಿಲಿಂಡರ್ ಮುಂದಕ್ಕೆ ಮಡಿದು ತೆರೆದುಕೊಳ್ಳುತ್ತವೆ. ಸುಮಾರು ಅರ್ಧ ಕಿಲೋ ತೂಕದ, 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್ ಕೂಡ ಹೀಗೆಯೇ ತೆರೆಯುತ್ತದೆ. ಪಟ್ಟಿ ಆ ಕೀಲಿನ ಮೇಲೆ ಒತ್ತಿ ಕೂರದಂತೆ ಹ್ಯಾಮರಿನ ಹಿಂದುಗಡೆಯಿಂದ ಹಾಯಿಸಬೇಕು. ಬಟನ್ನಿನ ಒಳಮುಖಕ್ಕೆ ತೆಳು ಚರ್ಮದ ತುಣುಕನ್ನು ಅಂಟಿಸದಿದ್ದರೆ ಅದು ಆಯುಧದ ಹೊಳಪನ್ನು ಗೀರುತ್ತದೆ.

ನೆನೆಸಿ ಆಕಾರ ಕೂರಿಸುವ ಕ್ರಮವನ್ನು ವಿವರವಾಗಿ ಹೇಳಿ.

ಹೊಲಿಗೆ ಮುಗಿದ ಮೇಲೆ ಇದನ್ನು ಮಾಡಬೇಕು. ಸಾಧ್ಯವಿದ್ದರೆ ನಿಜವಾದ ಆಯುಧದ ಬದಲಿಗೆ ಅದೇ ಅಳತೆಯ ಮರದ ಅಥವಾ ರಬ್ಬರಿನ ಪ್ರತಿಕೃತಿಯನ್ನು ಬಳಸಿ. ಬೇರೆಯವರಿಗಾಗಿ ಮಾಡುವವರಂತೂ ಅವರ ಆಯುಧವನ್ನು ತಮ್ಮ ಬಳಿ ಇರಿಸಿಕೊಳ್ಳುವಂತಿಲ್ಲ. ನಿಜವಾದದ್ದನ್ನೇ ಬಳಸುವವರು ಮತ್ತೊಮ್ಮೆ ಖಾಲಿ ಮಾಡಿ ನೋಡಿ, ಎಣ್ಣೆ ಸವರಿ, ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುಕ್ಕಿಲ್ಲದಂತೆ ಸುತ್ತಬೇಕು. ನಳಿಗೆಯ ತುದಿಯ ಗುರಿಮೊನೆಯ ಹಿಂದೆ ಮುಂದೆ ಪೆನ್ಸಿಲಿನಷ್ಟು ದಪ್ಪದ ಕಡ್ಡಿಯನ್ನು ಟೇಪಿನಿಂದ ಅಂಟಿಸಿದರೆ, ಆ ಮೊನೆ ಚರ್ಮವನ್ನು ಕೆತ್ತದೆ ಸರಾಗವಾಗಿ ಹೊರಬರಲು ಒಂದು ಕಾಲುವೆ ಉಳಿಯುತ್ತದೆ.

ಹೋಲ್‌ಸ್ಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿಪ್ಪತ್ತು ಸೆಕೆಂಡು ಅದ್ದಿ ತೆಗೆದು, ಮೇಲ್ಮೈಯ ಬಣ್ಣ ಮತ್ತೆ ತಿಳಿಯಾಗಲು ತೊಡಗುವವರೆಗೆ ಬಿಡಿ. ನೀರು ತೊಟ್ಟಿಕ್ಕುವಾಗ ಒತ್ತಿದ ಗೆರೆ ನಿಲ್ಲುವುದಿಲ್ಲ, ತೀರಾ ಒಣಗಿದ್ದರೆ ಮೂಡುವುದೇ ಇಲ್ಲ. ಕೆನ್ನೆಗೆ ತಾಗಿಸಿದರೆ ತಣ್ಣಗಿದ್ದು ಕೈಗೆ ನೀರು ಅಂಟದ ಸ್ಥಿತಿಯೇ ಹದ. ಆಯುಧವನ್ನು ತೂರಿಸಿ, ಒಳಗೆ ನೇರ ಕೂತಿದೆಯೇ ನೋಡಿ, ಮೊದಲು ಅಂಗೈಯಿಂದ ಇಡೀ ಮೈಯನ್ನು ಒತ್ತಿ, ಅನಂತರ ಹೆಬ್ಬೆರಳಿನಿಂದ ಸಿಲಿಂಡರಿನ ಮುಂದಂಚನ್ನೂ ಟ್ರಿಗರ್ ಗಾರ್ಡಿನ ಹೊರಸುತ್ತನ್ನೂ ಹುಡುಕಿ. ಚರ್ಮದ ಅಡಿಯಲ್ಲಿ ಏಣು ಬೆರಳಿಗೆ ಸಿಕ್ಕ ಮೇಲೆ ಅದರ ಪಕ್ಕದಲ್ಲಿಯೇ ನುಣುಪಾದ ಮರದ ಅಥವಾ ಕೊಂಬಿನ ಕಡ್ಡಿಯನ್ನು ಹಲವು ಸಲ ಎಳೆಯುತ್ತಾ ಹೋದರೆ ಗೆರೆ ಆಳವಾಗುತ್ತದೆ. ಉಗುರು ಕತ್ತರಿಸಿಕೊಂಡು ಕೂರಿ, ಒದ್ದೆ ಚರ್ಮದ ಮೇಲೆ ಮೂಡಿದ ಉಗುರಿನ ಗುರುತು ಹೋಗುವುದಿಲ್ಲ. ರಿವಾಲ್ವರನ್ನು ಹಿಡಿದು ನಿಲ್ಲಿಸುವುದು ಈ ಎರಡು ಗೆರೆಗಳೇ. ನಳಿಗೆಯ ಮೇಲಿನ ಅಲಂಕಾರದ ಗೆರೆಗಳಿಗೆ ಸಮಯ ಕಳೆಯುವುದು ಬೇಡ. ಟ್ರಿಗರ್ ಗಾರ್ಡಿನ ಒಳಗಿನ ತೆರೆದ ಜಾಗಕ್ಕೆ ಮಾತ್ರ ಚರ್ಮವನ್ನು ಆಳವಾಗಿ ಒತ್ತಬೇಡಿ. ಅದು ಟ್ರಿಗರಿಗೆ ತಾಗುವ ಸಾಧ್ಯತೆಯನ್ನು ನೀವಾಗಿಯೇ ಸೃಷ್ಟಿಸಿದಂತಾಗುತ್ತದೆ.

ಕೂರಿಸಿದ ಮೇಲೆ ಆಯುಧವನ್ನು ಮೆಲ್ಲನೆ ಹೊರತೆಗೆದು, ಕಿವಿಗಳನ್ನು ಸೊಂಟದ ದುಂಡಿಗೆ ತಕ್ಕಂತೆ ಬಾಗಿಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಒಂದು ದಿನ ಬಿಡಿ. ಬೇಗ ಒಣಗಲೆಂದು ಬಿಸಿ ಕೊಡುವವರು 50 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಒದ್ದೆ ಚರ್ಮ ಹೆಚ್ಚು ಶಾಖಕ್ಕೆ ಕುಗ್ಗಿ ಗಡುಸಾಗಿ ಕೊನೆಗೆ ಬಿರಿಯುತ್ತದೆ; ಒಲೆಯ ಪಕ್ಕ, ಉರಿಬಿಸಿಲಿನ ತಾರಸಿ ಎರಡೂ ಬೇಡ.

ಯಂತ್ರದಲ್ಲಿ ಹೊಲಿಸಬಹುದೇ?

ದಪ್ಪ ಚರ್ಮಕ್ಕೆಂದೇ ಇರುವ ಯಂತ್ರವಾದರೆ ಅಡ್ಡಿಯಿಲ್ಲ. ಕೈಹೊಲಿಗೆಯ ಲಾಭವೆಂದರೆ, ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಹಾಯಿಸುವ ಜೀನು ಹೊಲಿಗೆಯಲ್ಲಿ ಒಂದು ಕಡೆ ದಾರ ಕಡಿದರೂ ಮಿಕ್ಕದ್ದು ಬಿಚ್ಚಿಹೋಗುವುದಿಲ್ಲ. ಮೇಣ ಸವರಿದ 0.8ರಿಂದ 1 ಮಿ.ಮೀ. ಪಾಲಿಯೆಸ್ಟರ್ ದಾರ, ತೂತಿನಿಂದ ತೂತಿಗೆ 4 ಮಿ.ಮೀ. ಅಂತರ, ಅಂಚಿನಿಂದ ಕನಿಷ್ಠ 3 ಮಿ.ಮೀ. ಒಳಗೆ. ತೂತುಗಳನ್ನು ಉಳಿಯಿಂದ ನೆಟ್ಟಗೆ ಚುಚ್ಚದಿದ್ದರೆ ಹಿಂಬದಿಯ ಹೊಲಿಗೆ ಅಂಕುಡೊಂಕಾಗುತ್ತದೆ. ಬಾಯಿಯ ಬಳಿ ಮೂರು ಹೊಲಿಗೆಗಳನ್ನು ಹಿಂದಕ್ಕೆ ಮರುಹೊಲಿದು ಮುಗಿಸಿ, ಆಯುಧ ಒಳಹೋಗುವಾಗಲೆಲ್ಲ ಮೊದಲು ಎಳೆತ ಬೀಳುವುದು ಅಲ್ಲಿಗೆ.

ಪ್ಯಾಂಟಿನ ಒಳಗೆ ಧರಿಸುವ ಹೋಲ್‌ಸ್ಟರ್ ಚುಚ್ಚುತ್ತದೆ. ವಿನ್ಯಾಸದಲ್ಲಿ ಏನು ಬದಲಿಸಬೇಕು?

ಮೊದಲು ಪ್ಯಾಂಟನ್ನೇ ಬದಲಿಸಬೇಕು: ಸೊಂಟದ ಸುತ್ತಳತೆ ಒಂದರಿಂದ ಎರಡು ಇಂಚು ಹೆಚ್ಚಿರಬೇಕು. ಹೋಲ್‌ಸ್ಟರಿನ ಮಟ್ಟಿಗೆ, ಅಮೆರಿಕದಲ್ಲಿ ಬ್ರೂಸ್ ನೆಲ್ಸನ್ ರೂಪಿಸಿ, ಮಿಲ್ಟ್ ಸ್ಪಾರ್ಕ್ಸ್ ಅವರ ಕಾರ್ಯಾಗಾರ ಪ್ರಸಿದ್ಧಗೊಳಿಸಿದ ಸಮ್ಮರ್ ಸ್ಪೆಷಲ್ ಮಾದರಿಯಿಂದ ಕಲಿಯುವುದು ಬಹಳಷ್ಟಿದೆ. ಅದರಲ್ಲಿ ಚರ್ಮದ ಒರಟು ಮುಖವನ್ನು ಹೊರಗೆ ಮಾಡಿದ್ದಾರೆ. ಒರಟು ಮುಖ ಬಟ್ಟೆಗೆ ಕಚ್ಚಿಕೊಂಡು ಹೋಲ್‌ಸ್ಟರ್ ಜಾರದಂತೆ ನಿಲ್ಲಿಸುತ್ತದೆ, ನುಣುಪು ಮುಖ ಒಳಗಿರುವುದರಿಂದ ಆಯುಧ ಸರಾಗವಾಗಿ ಬರುತ್ತದೆ. ಬಾಯಿಯ ಸುತ್ತ ಬಲವಾದ ಪಟ್ಟಿ ಇರುವುದರಿಂದ ಆಯುಧವನ್ನು ತೆಗೆದ ಮೇಲೂ ಬೆಲ್ಟಿನ ಒತ್ತಡಕ್ಕೆ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಒಳಗೆ ಧರಿಸುವ ಯಾವ ಹೋಲ್‌ಸ್ಟರಿಗೂ ಈ ಬಾಯಿಪಟ್ಟಿ ಇರಲೇಬೇಕು. ಮುಚ್ಚಿದ ಬಾಯಿಯನ್ನು ನಳಿಗೆಯಿಂದಲೇ ತಡಕಿ ತೆರೆಯಲು ಹೋಗುವುದು ಅಪಾಯ. ನಮ್ಮ ಹವೆಗೆ ಒಳಗೊಂದು ಹತ್ತಿ ಬನಿಯನ್ ಕೂಡ ಬೇಕು.

ಪಂಚೆ ಉಡುವವರಿಗೆ, ಬೆಲ್ಟ್ ಭಾರ ತಡೆಯದವರಿಗೆ ಬೇರೆ ದಾರಿ ಇದೆಯೇ?

ಸೊಂಟ ಹೊರಲಾಗದ ಭಾರವನ್ನು ಹೆಗಲಿಗೆ ಹಂಚಬೇಕು. 1858ರಲ್ಲಿ ಉತ್ತರ ಭಾರತದ ಕಾಳಗವೊಂದರಲ್ಲಿ ಎಡಗೈಯನ್ನು ಕಳೆದುಕೊಂಡ ಸೇನಾಧಿಕಾರಿ ಸ್ಯಾಮ್ ಬ್ರೌನ್, ಕತ್ತಿಯ ಒರೆಯನ್ನು ಹಿಡಿದುಕೊಳ್ಳಲು ಕೈಯಿಲ್ಲದ್ದರಿಂದ ಬಲಹೆಗಲಿನ ಮೇಲಿಂದ ಹಾಯುವ ಓರೆಪಟ್ಟಿಯನ್ನು ಸೊಂಟಪಟ್ಟಿಗೆ ಸೇರಿಸಿಕೊಂಡರು. ಇಂದಿಗೂ ಪೊಲೀಸ್ ಅಧಿಕಾರಿಗಳ ಸಮವಸ್ತ್ರದಲ್ಲಿ ಕಾಣುವ ಓರೆಬೆಲ್ಟಿನ ಮೂಲ ಅದು. ಪಂಚೆಯ ಮೇಲೆ ಉದ್ದನೆಯ ಜುಬ್ಬ ಧರಿಸುವವರು ಅಗಲವಾದ ಸೊಂಟಪಟ್ಟಿಗೆ ಅಂಥ ಒಂದು ಪಟ್ಟಿ ಸೇರಿಸಿಕೊಂಡು ಜುಬ್ಬದ ಅಡಿಯಲ್ಲಿ ಧರಿಸಬಹುದು. ಹೆಗಲ ಮೇಲೆ ಬರುವ ಭಾಗ ಕನಿಷ್ಠ 40 ಮಿ.ಮೀ. ಅಗಲವಿದ್ದು, ಅಲ್ಲಿ ಮಾತ್ರ ಚರ್ಮ ತೆಳುವಾಗಿ, ಮೆತ್ತಗೆ ಇರಬೇಕು. ಕಂಕುಳ ಕೆಳಗೆ ತೂಗುವ ಹೋಲ್‌ಸ್ಟರ್ ಸಿನಿಮಾದಲ್ಲಿ ಚೆಂದ. ಮೇಲೆ ಕೋಟು ಇಲ್ಲದೆ ಅದನ್ನು ಮರೆಮಾಡಲಾಗದು, ನಮ್ಮಲ್ಲಿ ಕೋಟು ಹಾಕಿಕೊಂಡು ಎಷ್ಟು ಹೊತ್ತು ಇರಬಹುದು ಎಂಬುದನ್ನು ನೀವೇ ಯೋಚಿಸಿ.

ಮಹಿಳೆಯರಿಗೆ ಇದೇ ವಿನ್ಯಾಸ ಸಾಲುವುದೇ?

ಸಾಲುವುದಿಲ್ಲ. ಸೊಂಟ ಕಿರಿದಾಗಿ ಕೆಳಗೆ ಅಗಲವಾಗುವ ಮೈಕಟ್ಟಿನಲ್ಲಿ ನಳಿಗೆಯ ತುದಿ ಹೊರಕ್ಕೆ ತಳ್ಳಲ್ಪಟ್ಟು, ಹಿಡಿ ಪಕ್ಕೆಗೆ ಚುಚ್ಚಿಕೊಳ್ಳುತ್ತದೆ. ಬೆಲ್ಟ್ ಮತ್ತು ಹೋಲ್‌ಸ್ಟರಿನ ಮೇಲ್ಭಾಗದ ನಡುವೆ 8ರಿಂದ 10 ಮಿ.ಮೀ. ಚರ್ಮದ ಬೆಣೆ ಹೊಲಿದರೆ ಹಿಡಿ ಪಕ್ಕೆಯಿಂದ ದೂರ ಸರಿಯುತ್ತದೆ. ಜೊತೆಗೆ ಹೋಲ್‌ಸ್ಟರನ್ನು 2 ಸೆಂ.ಮೀ.ನಷ್ಟು ಕೆಳಗೆ ಇಳಿಸಬೇಕು. ನೇರ ಬೆಲ್ಟಿನ ಬದಲು ಸೊಂಟದ ತಿರುವಿಗೆ ತಕ್ಕಂತೆ ಬಾಗಿಸಿ ಕತ್ತರಿಸಿದ ಬೆಲ್ಟ್ ಇನ್ನೂ ಉತ್ತಮ.

ಹೊಸ ಹೋಲ್‌ಸ್ಟರ್ ತೀರಾ ಬಿಗಿಯಾಗಿದೆ. ಎಣ್ಣೆ ಹಾಕಲೇ?

ಬೇಡ. ಎಣ್ಣೆ ಚರ್ಮವನ್ನು ಮೆತ್ತಗಾಗಿಸಿ ನೀವು ಕಷ್ಟಪಟ್ಟು ಕೂರಿಸಿದ ಆಕಾರವನ್ನು ಕೆಡಿಸುತ್ತದೆ. ಖಾಲಿ ಆಯುಧವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ ತಳ್ಳಿ, ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ ಒಂದು ರಾತ್ರಿ ಬಿಡಿ. ಆಮೇಲೂ ಬಿಗಿ ಎನಿಸಿದರೆ ಇನ್ನೊಂದು ರಾತ್ರಿ.

ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಆಯುಧಕ್ಕೆ ತುಕ್ಕು ಬರುತ್ತದೆ. ಏನು ಮಾಡಬೇಕು?

ಮಲೆನಾಡು, ಕೊಡಗು, ಕರಾವಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮ ಗಾಳಿಯ ತೇವವನ್ನು ಹೀರಿಕೊಂಡೇ ಇರುತ್ತದೆ. ಆದ್ದರಿಂದ ಆಯುಧವನ್ನು ಹೋಲ್‌ಸ್ಟರಿನೊಳಗೆ ಇಟ್ಟು ಬೀರುವಿನಲ್ಲಿ ಬೀಗ ಹಾಕುವ ಅಭ್ಯಾಸ ಬಿಡಬೇಕು. ಎರಡನ್ನೂ ಬೇರೆ ಬೇರೆ ಇಟ್ಟು, ಆಯುಧವನ್ನು ಎಣ್ಣೆ ಬಟ್ಟೆಯಿಂದ ಒರೆಸಿಡಿ. ಅಂಚುಗಳನ್ನು ಉಜ್ಜಿ ಜೇನುಮೇಣ ತುಂಬಿ ಮೆರುಗು ಕೊಟ್ಟರೆ ನೀರು ಒಳಗೆ ಇಳಿಯುವ ಮುಖ್ಯ ದಾರಿ ಮುಚ್ಚುತ್ತದೆ. ಬೂಸ್ಟು ಬಂದರೆ ಹೊರಗೆ ಒಯ್ದು ಒಣಬಟ್ಟೆಯಿಂದ ಒರೆಸಿ, ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ನೆರಳಿನಲ್ಲಿ ಒಣಗಿಸಿ. ಪೂರ್ತಿ ನೆಂದು ಬಂದ ದಿನ ಒಳಗೆ ಕಾಗದ ತುಂಬಿ ಆಕಾರ ಕೆಡದಂತೆ ನೋಡಿಕೊಳ್ಳಿ.

ಕಾನೂನಿನ ಪ್ರಕಾರ ಹೋಲ್‌ಸ್ಟರ್ ಕಾಣುವಂತೆ ಧರಿಸಬಹುದೇ?

2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರು ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಅದಕ್ಕೆಂದೇ ಮಾಡಿದ ಹೋಲ್‌ಸ್ಟರಿನಲ್ಲಿ ಅಥವಾ ಅಂಥದೇ ಚೀಲದಲ್ಲಿ, ಪೂರ್ತಿ ಮುಚ್ಚಿರುವಂತೆ, ತಮ್ಮ ಹತೋಟಿಯಲ್ಲಿ ಇರಿಸಿಕೊಂಡೇ ಒಯ್ಯಬೇಕು. ಹಾಗಾಗಿ ಮೇಲೆ ಹೇಳಿದ ಎತ್ತರ, ವಾಲು, ಮೈಗೆ ಅಂಟಿ ಕೂರುವ ಗುಣಗಳೆಲ್ಲ ಅಂಗಿಯ ಅಡಿಯಲ್ಲಿ ಧರಿಸುವುದನ್ನು ಗಮನದಲ್ಲಿಟ್ಟು ಹೇಳಿದವು. ಚುನಾವಣೆಯ ಸಮಯದಲ್ಲಿ ಆಯುಧವನ್ನು ಠಾಣೆಯಲ್ಲಿ ಒಪ್ಪಿಸುವಂತೆ ಆದೇಶ ಬಂದರೆ ಹೋಲ್‌ಸ್ಟರನ್ನು ಅದರ ಜೊತೆ ಕೊಡಬೇಡಿ, ಮನೆಯಲ್ಲೇ ಗಾಳಿಯಾಡಲಿ.

ಹಳೆಯ ಹೋಲ್‌ಸ್ಟರನ್ನು ಯಾವಾಗ ಬಿಡಬೇಕು?

ಹೊಲಿಗೆ ಸಡಿಲವಾದರೆ ಮತ್ತೆ ಹೊಲಿಯಬಹುದು, ಬಣ್ಣ ಮಾಸಿದರೆ ಮತ್ತೆ ಹಚ್ಚಬಹುದು. ಬಾಯಿ ಮೆತ್ತಗಾಗಿ ಒಳಕ್ಕೆ ಮಡಿಯುವಂತಾದರೆ ಮಾತ್ರ ಅದೇ ದಿನ ಬಿಡಬೇಕು. ಆಯುಧವನ್ನು ಒಳಗಿಡುವಾಗ ಅಂಥ ಮಡಿಕೆ ಟ್ರಿಗರ್ ಗಾರ್ಡಿನೊಳಗೆ ಸಿಕ್ಕಿ ಗುಂಡು ಹಾರಬಹುದು. ತಿಂಗಳಿಗೊಮ್ಮೆ ಖಾಲಿ ಹೋಲ್‌ಸ್ಟರನ್ನು ಸೊಂಟಕ್ಕೆ ಕಟ್ಟಿಕೊಂಡು ಬಾಯಿಯ ಹೊರ ಅಂಚನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ನೋಡಿ. ಅಂಚು ಬಾಗಿ ಅಲ್ಲೇ ನಿಂತರೆ ಅದನ್ನು ಕತ್ತರಿಸಿ ಎಸೆಯಿರಿ. ಯಾರಿಗೂ ಹಳೆಯದೆಂದು ಕೊಡಬೇಡಿ.